ಎಸ್.ಪಿ. ರೋಡಿನಲ್ಲಿ ಒಂದು ಮಧ್ಯಾಹ್ನ

ಬೆಂಗಳೂರಿನ ಹಳೆಯ ಪೇಟೆಗೆ ಹೋಗಲು ಒಬ್ಬೊಬ್ಬರಿಗೆ ಒಂದೊಂದು ಕಾರಣ. ಮದುವೆ ಮನೆಯವರು ಸೀರೆಗೆಂದು ಚಿಕ್ಕಪೇಟೆಗೆ ಹೋಗುತ್ತಾರೆ. ಪುಸ್ತಕ ಬೇಕಾದ ವಿದ್ಯಾರ್ಥಿಗಳು ಅವೆನ್ಯೂ ರಸ್ತೆಗೆ ನುಗ್ಗುತ್ತಾರೆ. ಹೂವು ಹಣ್ಣಿನವರಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ ಇದ್ದೇ ಇದೆ. ನಾನೂ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಒಬ್ಬ ಹುಡುಗನೂ ಫೆಬ್ರುವರಿಯ ಒಂದು ಶನಿವಾರ ಅಲ್ಲಿಗೆ ಹೋದದ್ದು ಹೆಬ್ಬೆರಳ ಗಾತ್ರದ ಒಂದು ಕನೆಕ್ಟರಿಗಾಗಿ.

ಅದಕ್ಕೊಂದು ಹಿನ್ನೆಲೆಯುಂಟು. ನಮ್ಮ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಎಂಟು ಚಾನಲ್ಲಿನ ಒಂದು ಮಿಕ್ಸರ್ ಕೊಡಿಸಿದ್ದಾರೆ. ಅಡುಗೆಮನೆಯ ಮಿಕ್ಸಿ ಅಲ್ಲ. ನಾಲ್ಕಾರು ಮೈಕುಗಳ ದನಿಯನ್ನು ಹದವಾಗಿ ಬೆರೆಸಿ ಆಂಪ್ಲಿಫೈಯರಿಗೆ ಕಳಿಸುವ ಯಂತ್ರ. ಈ ಹುಡುಗನಿಗೆ ಅದರ ಮೇಲೆ ಬಹಳ ಪ್ರೀತಿ. ವಾರ್ಷಿಕೋತ್ಸವದ ಸಂಜೆ ಅವನೇ ಅದರ ಮುಂದೆ ಕೂತಿದ್ದ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಭಾವಗೀತೆ ಹಾಡುತ್ತಿದ್ದಾಗ ಸ್ಪೀಕರುಗಳಿಂದ ‘ಢಬ್’ ಎಂದು ಸದ್ದು ಬಂತು. ಆಮೇಲೆ ಗೊಂಯ್ ಎಂಬ ಮೊರೆತ. ಆಮೇಲೆ ಏನೂ ಇಲ್ಲ. ಹುಡುಗಿ ಅರ್ಧಕ್ಕೇ ಹಾಡು ನಿಲ್ಲಿಸಿ ಅಳುತ್ತಾ ಒಳಗೆ ಹೋದಳು. ನಾನು ಹೋಗಿ ನೋಡಿದರೆ ಮಿಕ್ಸರಿನ ಕೆಂಪು ದೀಪ ಉರಿಯುತ್ತಲೇ ಇದೆ, ಹುಡುಗನ ಕೈ ಅದರ ಮೇಲಿದೆ. ಕರೆಂಟ್ ಇದೆ, ಯಂತ್ರ ಹೊಸದು, ಉಳಿದದ್ದು ಈ ಕೈ ಎಂದು ತೀರ್ಮಾನಿಸಿದೆ. “ಸುಮ್ನೆ ಕೂತಿರೋಕೆ ಏನೋ ನಿಂಗೆ?” ಎಂದು ಎಲ್ಲರೆದುರು ಗದರಿಸಿ ಎಬ್ಬಿಸಿದೆ.

ಮರುದಿನ ಅವನು ಶಾಲೆಗೆ ಬರಲಿಲ್ಲ. ಗಾರೆ ಕೆಲಸ ಮಾಡುವ ಅವನ ತಂದೆ ಬಂದರು. ಅಂಗಿಯ ಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು, “ಮೇಷ್ಟ್ರೇ, ಹುಡುಗ ಮಿಷಿನ್ ಹಾಳು ಮಾಡವ್ನಂತೆ. ಎಷ್ಟಾಯ್ತದೆ ಹೇಳಿ, ಒಂದೇ ಸಲ ಆಗಲ್ಲ, ಎರಡು ಕಂತಿನಲ್ಲಿ ಕೊಡ್ತೀನಿ” ಎಂದರು. ನೋಡಿ ಹೇಳುತ್ತೇನೆಂದು ಕಳಿಸಿಕೊಟ್ಟೆ. ಹಾಗೆ ಹೇಳಿದ ಮೇಲೆ ನೋಡಲೇಬೇಕಾಯಿತು. ನಿನ್ನೆ ಮಾಡಬೇಕಾಗಿದ್ದ ಕೆಲಸ ಅದು.

ಇಂಥ ಅನೇಕ ಮಿಕ್ಸರುಗಳಲ್ಲಿ ಟ್ರಾನ್ಸ್‌ಫಾರ್ಮರ್ ಹೊರಗಡೆ ಬೇರೆಯೇ ಒಂದು ಪೆಟ್ಟಿಗೆಯಲ್ಲಿರುತ್ತದೆ. ಅದು ಗೋಡೆಯ 230 ವೋಲ್ಟನ್ನು ಇಳಿಸಿ, ಮೂರು ತಂತಿಗಳಲ್ಲಿ ಮಿಕ್ಸರಿಗೆ ಕೊಡುತ್ತದೆ: ಅತ್ತ 18, ಇತ್ತ 18, ನಡುವೆ ಎರಡಕ್ಕೂ ಸೇರಿದ ಒಂದು ತಂತಿ. ಮಲ್ಟಿಮೀಟರ್ ಹಿಡಿದು ಕೇಬಲ್ಲಿನ ತುದಿಯಲ್ಲಿ ಅಳೆದೆ. ಸರಿಯಾಗಿಯೇ ಇತ್ತು. ಇನ್ನೇನು, ಹುಡುಗನದೇ ತಪ್ಪು ಎಂದು ಎದ್ದುಬಿಡಬಹುದಿತ್ತು. ಆದರೆ ಮಿಕ್ಸರ್ ಚಾಲೂ ಮಾಡಿ, ಕನೆಕ್ಟರಿನ ಬಳಿ ಕೇಬಲ್ಲನ್ನು ಬೆರಳಿನಿಂದ ಸುಮ್ಮನೆ ಅಲುಗಿಸಿದೆ. ‘ಢಬ್’. ನಿನ್ನೆಯದೇ ಸದ್ದು. ನನ್ನ ಹೊಟ್ಟೆಯೊಳಗೂ ಆಯಿತು.

ಮೀಟರ್ ಏಕೆ ಸುಳ್ಳು ಹೇಳಿತು? ಅದು ಸುಳ್ಳು ಹೇಳಲಿಲ್ಲ; ನಾನು ತಪ್ಪು ಪ್ರಶ್ನೆ ಕೇಳಿದ್ದೆ. ಮಲ್ಟಿಮೀಟರ್ ಎಳೆದುಕೊಳ್ಳುವ ಕರೆಂಟ್ ಅತ್ಯಲ್ಪ. ಅಷ್ಟಕ್ಕೆ ಕೆಟ್ಟ ಪಿನ್ನೂ ದಾರಿ ಬಿಡುತ್ತದೆ. ಮಿಕ್ಸರ್ ಅರ್ಧ ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಪಿನ್ನು ಸಡಿಲಾಗಿ ಅಲ್ಲಿ 4 ಓಮ್ ರೋಧವಿದ್ದರೆ, ಓಮ್‌ನ ನಿಯಮದಂತೆ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಜೊತೆಗೆ 1 ವ್ಯಾಟ್ ಶಾಖ. ಬೆಂಕಿಕಡ್ಡಿಗಿಂತ ಸಣ್ಣ ಪಿನ್ನಿಗೆ ಅದು ಕಡಿಮೆಯೇನಲ್ಲ. ಶಾಖಕ್ಕೆ ಲೋಹದ ಬಿಗಿ ತಪ್ಪುತ್ತದೆ, ಮೇಲ್ಮೈ ಕಿಲುಬುತ್ತದೆ, ರೋಧ ಇನ್ನೂ ಹೆಚ್ಚುತ್ತದೆ, ಶಾಖವೂ ಹೆಚ್ಚುತ್ತದೆ. ನಡುವಿನ ತಂತಿಯೇ ಕೈಕೊಟ್ಟರಂತೂ ಒಳಗಿನ ಧನ ಋಣಗಳ ಸಮತೋಲ ತಪ್ಪಿ ಸ್ಪೀಕರು ಒದರುತ್ತದೆ. ದೀಪ ಮಾತ್ರ ಉರಿಯುತ್ತಲೇ ಇರಬಹುದು. ನಾನು ನಂಬಿದ್ದು ಆ ದೀಪವನ್ನು.

ಕೆಟ್ಟದ್ದು ಹೇಗೆ ಎಂಬುದೂ ತಿಳಿಯಿತು. ಆ ಸಂಜೆ ಮೇಜು ಚಿಕ್ಕದಾಗಿ, ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಮೇಜಿನ ಅಂಚಿನಿಂದ ತನ್ನದೇ ಕೇಬಲ್ಲಿಗೆ ಜೋತುಬಿದ್ದಿತ್ತು. ಅದರ ಭಾರವೆಲ್ಲ ಆ ಮೂರು ಪಿನ್ನುಗಳ ಮೇಲೆ. ಹಿಂದಿನ ಕಾರ್ಯಕ್ರಮಗಳಲ್ಲೂ ಹಾಗೆಯೇ. ಆ ಮೇಜನ್ನು ಅಲ್ಲಿ ಹಾಕಿಸಿದವನು, ಪ್ರತಿಸಲವೂ, ನಾನೇ.

ಸಂಜೆ ಅವರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ತಂದೆ ಏನೂ ಮಾತಾಡಲಿಲ್ಲ, ಒಳಗೆ ಕಾಫಿಗೆ ಹೇಳಿದರು. ಹುಡುಗ ಬಾಗಿಲ ಮರೆಯಲ್ಲೇ ನಿಂತು, “ಸಾರ್, ಕನೆಕ್ಟರ್ ಎಲ್ ಸಿಗುತ್ತೆ?” ಎಂದ. ನಮ್ಮೂರಿನಲ್ಲಿ ಸಿಗುವುದಿಲ್ಲ, ಎಸ್.ಪಿ. ರೋಡಿಗೆ ಹೋಗಬೇಕು ಎಂದೆ. ಹೀಗೆ ನಮ್ಮ ಪ್ರಯಾಣ ನಿಶ್ಚಯವಾಯಿತು.

ಭಾನುವಾರ ಎಸ್.ಪಿ. ರೋಡಿನ ಬಹುತೇಕ ಅಂಗಡಿಗಳಿಗೆ ಬಾಗಿಲು. ಆದ್ದರಿಂದ ಶನಿವಾರ ಬೆಳಗಿನ ಶಾಲೆ ಮುಗಿಸಿ ತುಮಕೂರಿನಲ್ಲಿ ರೈಲು ಹತ್ತಿದೆವು. ಬೆಂಗಳೂರಿನಲ್ಲಿ ಇಳಿದು, ಮೆಜೆಸ್ಟಿಕ್ಕಿನಿಂದ ಹಸಿರು ಮಾರ್ಗದ ಮೆಟ್ರೋ ಹಿಡಿದರೆ ನೆಲದಡಿಯಲ್ಲೇ ಎರಡನೆಯ ನಿಲ್ದಾಣ ಕೃಷ್ಣರಾಜೇಂದ್ರ ಮಾರುಕಟ್ಟೆ. ಮೇಲೆ ಬಂದರೆ ಹಳೆಯ ಕೋಟೆ, ಮೇಲ್ಸೇತುವೆ, ಸೇವಂತಿಗೆಯ ವಾಸನೆ, ಬಸ್ಸಿನ ಹೊಗೆ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ಬಂದಾಗ ಮೊದಲ ದೀಪ ಬೆಳಗಿದ್ದು ಈ ಮಾರುಕಟ್ಟೆಯ ಬಳಿಯಲ್ಲೇ. ಇದನ್ನು ಹೇಳಿದಾಗ ಹುಡುಗ ತಲೆಯೆತ್ತಿ ಕಂಬಗಳನ್ನು ನೋಡಿದ, ಆ ದೀಪ ಇನ್ನೂ ಅಲ್ಲಿರಬಹುದು ಎಂಬಂತೆ.

ಅಲ್ಲಿಂದ ಪುರಭವನದ ದಿಕ್ಕಿಗೆ ನಡೆದು, ಒಳಗೆ ತಿರುಗಿದರೆ ಸಾದರ ಪತ್ರಪ್ಪ ರಸ್ತೆ. ಪೂರ್ಣ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ, ಎಸ್.ಪಿ. ರೋಡ್ ಎಂದರೆ ಎಲ್ಲರಿಗೂ ಗೊತ್ತು. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರು ಬೆಳೆದಂತೆ ಒಂದೊಂದು ಕಸುಬಿಗೆ ಒಂದೊಂದು ಪೇಟೆಯಾಯಿತು: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಎಸ್.ಪಿ. ರೋಡ್ ಅದೇ ವಂಶದ ಕಿರಿಯ ಕುಡಿ, ವಿದ್ಯುನ್ಮಾನದ ಪೇಟೆ ಎನ್ನಬಹುದು. ಕರಗದ ಧರ್ಮರಾಯಸ್ವಾಮಿ ಗುಡಿಯೂ ಇಲ್ಲಿಗೆ ಹತ್ತಿರವೇ.

ರಸ್ತೆ ಅಗಲವಿಲ್ಲ. ಎರಡೂ ಬದಿಯಲ್ಲಿ ನಿಲ್ಲಿಸಿದ ಸ್ಕೂಟರುಗಳು, ನಡುವೆ ತಲೆಯ ಮೇಲೆ ಪೆಟ್ಟಿಗೆ ಹೊತ್ತ ಹಮಾಲರು. ಒಂದು ಕಡೆ ಕಂಪ್ಯೂಟರು, ಲ್ಯಾಪ್‌ಟಾಪುಗಳ ಅಂಗಡಿಗಳು. ಇನ್ನೊಂದು ಕಡೆ ವೈರಿನ ಸುರುಳಿಗಳು, ಸ್ವಿಚ್ಚುಗಳು, ಮೋಟಾರುಗಳು. ಕಟ್ಟಡಗಳ ಒಳಗಿನ ಓಣಿಗಳಲ್ಲಿ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದ ಪುಟ್ಟ ಮಳಿಗೆಗಳು. ಗೋಡೆ ತುಂಬ ಸಣ್ಣ ಸಣ್ಣ ಡ್ರಾಯರುಗಳು, ಒಂದೊಂದರಲ್ಲೂ ರೆಸಿಸ್ಟರ್, ಕೆಪಾಸಿಟರ್, ಡಯೋಡು. ಹುಡುಗನ ನಡಿಗೆ ನಿಧಾನವಾಯಿತು. ಪಠ್ಯಪುಸ್ತಕದಲ್ಲಿ ಅಂಕುಡೊಂಕು ಗೆರೆಯಾಗಿ ಮಾತ್ರ ನೋಡಿದ್ದ ರೋಧಕ ಇಲ್ಲಿ ಜೋಳದಂತೆ ರಾಶಿ ಬಿದ್ದಿತ್ತು. ಮುಂದೆ ನಿಂತ ಗಿರಾಕಿಗಳಲ್ಲಿ ಅರ್ಧದಷ್ಟು ಪ್ರಾಜೆಕ್ಟಿಗಾಗಿ ಬಂದ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು.

ಕನ್ನಡ, ಹಿಂದಿ, ತಮಿಳು, ತೆಲುಗು, ಉರ್ದು ಎಲ್ಲವೂ ಅಲ್ಲಿ ಒಂದೇ ಕೌಂಟರಿನ ಮೇಲೆ ಓಡಾಡುತ್ತವೆ. ಆದರೆ ಕೈಯಲ್ಲಿ ಹಳೆಯ ತುಂಡು ಇದ್ದರೆ ಭಾಷೆಯೇ ಬೇಡ. ನಾವು ಕೆಟ್ಟ ಕನೆಕ್ಟರನ್ನು ಕಾಗದದಲ್ಲಿ ಸುತ್ತಿ ತಂದಿದ್ದೆವು. ಮೊದಲ ಎರಡು ಅಂಗಡಿಗಳಲ್ಲಿ ನೋಡಿ ತಲೆಯಾಡಿಸಿದರು. ಮೂರನೆಯವರು ಒಂದು ಅಡಾಪ್ಟರನ್ನೇ ಮುಂದಿಟ್ಟು, “ಹೊಸದೇ ತಗೊಳ್ಳಿ” ಎಂದರು. ಅದು ಒಂದೇ ಜೋಡಿ ತಂತಿಯಲ್ಲಿ 12 ವೋಲ್ಟ್ ಕೊಡುವಂಥದು, ನಮಗೆ ಬಾರದು. ನಾಲ್ಕನೆಯ ಅಂಗಡಿಯಲ್ಲಿ ಗಟ್ಟಿಮುಟ್ಟಾದ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರ್ ತೋರಿಸಿದರು. ಹಿಡಿತ ಬಿಗಿ, ಸಿಕ್ಕಿಸಿದರೆ ಕೊಂಡಿ ‘ಟಕ್’ ಎಂದು ಕೂರುತ್ತದೆ. ನನಗೆ ಒಪ್ಪಿಗೆಯಾಯಿತು, ಜೇಬಿಗೆ ಕೈ ಹಾಕಿದೆ.

ಹುಡುಗ ನನ್ನ ತೋಳು ಮುಟ್ಟಿದ. “ಸಾರ್, ನಮ್ ಮೈಕ್ ವೈರಿಗೂ ಇದೇ ತಾನೇ ಇರೋದು? ಕತ್ತಲಲ್ಲಿ ಯಾರಾದ್ರೂ ಕರೆಂಟಿನ ವೈರು ಮೈಕಿಗೆ ಹಾಕಿಬಿಟ್ರೆ?”

ಅಂಗಡಿಯಾತ ನಕ್ಕುಬಿಟ್ಟರು. “ಮರಿ ಸರಿಯಾಗಿ ಹೇಳಿದ ನೋಡಿ ಸಾರ್” ಎಂದರು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ವಿದ್ಯುಚ್ಛಕ್ತಿಯ ಪಾಠ ಮಾಡಿದ ನನಗೆ ಹೊಳೆಯದ ಮಾತು ಅದು. ಒಂದೇ ಆಕಾರದ ಎರಡು ಕನೆಕ್ಟರುಗಳಲ್ಲಿ ಒಂದರಲ್ಲಿ ಹಾಡು, ಇನ್ನೊಂದರಲ್ಲಿ 18 ವೋಲ್ಟ್ ಹರಿಯುತ್ತಿದ್ದರೆ, ಒಂದಲ್ಲ ಒಂದು ದಿನ ಯಾರೋ ಅದಲುಬದಲು ಮಾಡಿಯೇ ಮಾಡುತ್ತಾರೆ. ಆಗಲೂ ನಾವು ಆ ‘ಯಾರೋ’ನನ್ನೇ ಬೈಯುತ್ತೇವೆ.

ಅದೇ ಅಂಗಡಿಯಾತ ಇನ್ನೊಂದು ಡ್ರಾಯರಿನಿಂದ ‘ಏವಿಯೇಷನ್ ಕನೆಕ್ಟರ್’ ತೆಗೆದರು. 16 ಮಿಲಿಮೀಟರಿನ ಲೋಹದ ಕವಚ, ತಿರುಪಿನ ಉಂಗುರ, ನಾಲ್ಕು ಪಿನ್ನು. ಪೆಟ್ಟಿಗೆಗೆ ಕೂರಿಸುವ ಭಾಗದಲ್ಲಿ ಮೊನೆಗಳು, ಕೇಬಲ್ಲಿನ ಭಾಗದಲ್ಲಿ ತೂತುಗಳು. ಇದು ಮುಖ್ಯ. ಕರೆಂಟ್ ಬರುವ ಕಡೆ ತೂತುಗಳೇ ಇರಬೇಕು. ಮೊನೆಗಳಿದ್ದರೆ ಬಿಚ್ಚಿಟ್ಟಾಗ ಒಂದಕ್ಕೊಂದು ಯಾವುದೋ ಲೋಹ ತಗುಲಿ ಶಾರ್ಟ್ ಆದೀತು. ಮನೆಯ ಗೋಡೆಯ ಸಾಕೆಟ್ಟನ್ನು ನೆನೆಸಿಕೊಳ್ಳಿ. ಬೆಲೆ ನೂರು ರೂಪಾಯಿಗೂ ಕಡಿಮೆಯಾಯಿತು. ಮೂರು ತಂತಿಗೆ ನಾಲ್ಕು ಪಿನ್ನು ಏಕೆಂದು ಹುಡುಗ ಕೇಳಿದ. ನಡುವಿನ ತಂತಿಗೆ ಎರಡು ಪಿನ್ನು ಕೊಡೋಣ, ಒಂದು ಸೋತರೆ ಇನ್ನೊಂದಿರಲಿ ಎಂದೆ. ಹೊರಗೆ ಬಂದು ಕಡಲೇಕಾಯಿ ತಿನ್ನುತ್ತಾ ಮಾರುಕಟ್ಟೆಯವರೆಗೆ ನಡೆದೆವು. ಕನೆಕ್ಟರ್ ಅವನ ಮುಷ್ಟಿಯಲ್ಲೇ ಇತ್ತು.

ಸೋಮವಾರ ಪ್ರಯೋಗಾಲಯದಲ್ಲಿ ಕೆಲಸ. ಮೊದಲು ಗೋಡೆಯ ಪ್ಲಗ್ ಕಿತ್ತು ಹತ್ತು ನಿಮಿಷ ಕಾದೆವು, ಒಳಗಿನ ಕೆಪಾಸಿಟರುಗಳು ಬರಿದಾಗಲೆಂದು. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯನ್ನು ಬಿಚ್ಚಲೇ ಇಲ್ಲ. ಅಲ್ಲಿ 230 ವೋಲ್ಟ್ ಇರುತ್ತದೆ, ಮಕ್ಕಳು ಅದರ ತಂಟೆಗೆ ಹೋಗಬಾರದು. ಯಾವ ತಂತಿ ಯಾವ ಪಿನ್ನಿಗೆ ಎಂದು ಹುಡುಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ, ಎರಡು ಬದಿಯಿಂದಲೂ, ಏಕೆಂದರೆ ಹಿಂದಿನಿಂದ ನೋಡಿದರೆ ಎಡಬಲ ಅದಲಾಗುತ್ತದೆ. ಹಳೆಯ ತೂತನ್ನು ದುಂಡು ಅರದಿಂದ ದೊಡ್ಡದು ಮಾಡುವಾಗ ಒಳಗೆಲ್ಲ ಒದ್ದೆ ಬಟ್ಟೆ ಮುಚ್ಚಿದೆವು. ಒಂದು ಚೂರು ಲೋಹದ ಪುಡಿ ಒಳಗೆ ಉಳಿದರೂ ಮತ್ತೊಂದು ಕಾಯಿಲೆ. ಬೆಸುಗೆ ಹಾಕುವಾಗ ಕಾದ ಸೀಸವನ್ನು ತಂತಿಗೆ ಮೆತ್ತುವುದಲ್ಲ, ತಂತಿಯನ್ನೂ ಪಿನ್ನನ್ನೂ ಕಾಯಿಸಿ ಸೀಸ ತಾನೇ ಹರಿಯುವಂತೆ ಮಾಡಬೇಕು. ಕೇಬಲ್ಲಿನ ಕಡೆ ನಾಲ್ಕೂ ಬೆಸುಗೆ ಚೆನ್ನಾಗಿ ಕೂತ ಮೇಲೆ ನೋಡಿದರೆ ಕನೆಕ್ಟರಿನ ಕವಚವನ್ನು ತಂತಿಗೆ ಮೊದಲೇ ತೂರಿಸಲು ಮರೆತಿದ್ದೆವು. ಎಲ್ಲ ಬಿಚ್ಚಿ ಮತ್ತೆ ಹಾಕಿದೆವು. ಈ ತಪ್ಪು ಮಾಡದ ಮೆಕ್ಯಾನಿಕ್ ಇರಲಾರ.

ಕೊನೆಗೆ ಒಂದೊಂದು ಪಿನ್ನನ್ನೂ ಮೀಟರಿನಿಂದ ಪರೀಕ್ಷಿಸಿ, ಮಿಕ್ಸರ್ ಚಾಲೂ ಮಾಡಿ ಎರಡು ಗಂಟೆ ಬಿಟ್ಟೆವು. ಭಾರ ಹೊತ್ತಿರುವಾಗಲೇ ಅಳೆದೆವು. ಕನೆಕ್ಟರ್ ಮುಟ್ಟಿ ನೋಡಿದೆವು, ತಣ್ಣಗಿತ್ತು. ಕೇಬಲ್ ಅಲುಗಿಸಿದೆವು, ಸದ್ದಿಲ್ಲ.

ಹತ್ತನೇ ತರಗತಿಯವರ ಬೀಳ್ಕೊಡುಗೆಯ ದಿನ ಬೆಳಗಿನ ಪ್ರಾರ್ಥನೆಯ ಬಳಿಕ ನಾನು ಮೈಕಿನ ಮುಂದೆ ನಿಂತು, ವಾರ್ಷಿಕೋತ್ಸವದಂದು ಮಿಕ್ಸರ್ ಕೆಟ್ಟದ್ದು ಹುಡುಗನಿಂದಲ್ಲ, ನಾನು ಹಾಕಿಸಿದ ಮೇಜಿನಿಂದ ಎಂದು ಹೇಳಿದೆ. ಎಲ್ಲರೆದುರು ಬೈದದ್ದನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕಲ್ಲ. ಸಂಜೆ ಆ ಹುಡುಗಿ ಅದೇ ಹಾಡನ್ನು ಮೊದಲಿನಿಂದ ಹಾಡಿದಳು. ಮಿಕ್ಸರಿನ ಮುಂದೆ ಹುಡುಗ ಕೂತಿದ್ದ. ಈ ಸಲ ಮೇಜು ದೊಡ್ಡದಿತ್ತು. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ನೆಲದ ಮೇಲಿತ್ತು, ಅದರ ಕೇಬಲ್ಲನ್ನು ಅವನು ಮೇಜಿನ ಕಾಲಿಗೆ ಸಡಿಲವಾಗಿ ದಾರದಿಂದ ಕಟ್ಟಿದ್ದ. ಹಿಂದಿನ ಸಾಲಿನಲ್ಲಿ ಅವನ ತಂದೆ, ಕೆಲಸದ ಬಟ್ಟೆಯಲ್ಲೇ ಬಂದು, ಹಾಡು ಮುಗಿಯುವವರೆಗೂ ನಿಂತೇ ಕೇಳಿದರು.