ಮೂರು ನಿಮಿಷದ ಹಾಡು, ಮೂರು ತಲೆಮಾರಿನ ಕಿವಿ

ಪರವೂರಿಗೆ ಬಂದವರ ನಾಲಗೆ ಬೇಗ ಪಳಗುತ್ತದೆ. ಮುಂಬಯಿಗೆ ಬಂದ ಆರು ತಿಂಗಳಲ್ಲಿ ನಾವು ವಡಾಪಾವ್‌ಗೆ ಒಗ್ಗಿಕೊಂಡೆವು. ವರ್ಷ ತುಂಬುವುದರೊಳಗೆ ಗುಜರಾತಿ ನೆರೆಯವರು ಕಳಿಸುವ ಸಿಹಿ ದಾಲನ್ನೂ ಚಪ್ಪರಿಸಿ ಉಣ್ಣತೊಡಗಿದೆವು. ಆದರೆ ಕಿವಿಯ ಸಮಾಚಾರವೇ ಬೇರೆ. ಅದು ಬಲು ಹಟಮಾರಿ. ಚಿಕ್ಕಂದಿನಲ್ಲಿ ಏನು ಕೇಳಿ ಬೆಳೆಯಿತೋ ಅದನ್ನೇ ಕೊನೆಯವರೆಗೂ ಹುಡುಕುತ್ತದೆ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಎಲ್ಲೋ ಮೂಲೆಯಿಂದ ‘ಸ್ವಲ್ಪ ಸರಕೊಳ್ಳಿ’ ಎಂಬ ಮಾತು ಬಿದ್ದರೆ ನಮ್ಮ ಕತ್ತು ತಾನಾಗಿಯೇ ಆ ಕಡೆ ತಿರುಗುವುದಿಲ್ಲವೇ? ಹಾಗೆ.

ಸಂಗೀತದ ವಿಷಯದಲ್ಲೂ ಅಷ್ಟೇ. ಸಿ. ಅಶ್ವತ್ಥ್, ಮೈಸೂರು ಅನಂತಸ್ವಾಮಿಯವರ ಭಾವಗೀತೆಗಳ ಕ್ಯಾಸೆಟ್ಟುಗಳನ್ನು ಟೇಪು ಸಿಕ್ಕಿಹಾಕಿಕೊಂಡಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ, ಮತ್ತೆ ಮತ್ತೆ ಕೇಳಿ ಬೆಳೆದವರು ನಾವು. ಇಲ್ಲಿ ‘ನಾವು’ ಎಂದರೆ ಗಂಡ ಹೆಂಡತಿ ಇಬ್ಬರೂ. ಈ ಬರಹದ ಅಭಿಪ್ರಾಯಗಳಿಗೆ ಮನೆಯೊಳಗೆ ಜಂಟಿ ಮಂಜೂರಾತಿ ದೊರೆತಿದೆ ಎಂದು ಓದುಗರು ಭಾವಿಸಬೇಕು. ಸರಕಾರಿ ಕಾರಕೂನನ ಮನೆಯಲ್ಲಿ ಮಂಜೂರಾತಿಯಿಲ್ಲದೆ ಕಾಗದ ಹೊರಗೆ ಹೋಗುವುದಿಲ್ಲ.

ನಮ್ಮ ಮಗ ಹನ್ನೆರಡನೆಯ ತರಗತಿಯ ವಿಜ್ಞಾನ ವಿದ್ಯಾರ್ಥಿ. ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಕೋಚಿಂಗ್ ತರಗತಿಗೆ ಸೇರಿಸಿ, ಪ್ರಾವಿಡೆಂಟ್ ಫಂಡಿನಿಂದ ಹಣ ತೆಗೆದು ಎರಡು ಕಂತು ಕಟ್ಟಿದ್ದಾಗಿತ್ತು. ಒಂದು ರಾತ್ರಿ ಊಟದ ಹೊತ್ತಿಗೆ ಅವನು, ತನಗೆ ಇಂಜಿನಿಯರಿಂಗ್ ಬೇಡ, ಧ್ವನಿಮುದ್ರಣ ಕಲಿಯಬೇಕು ಎಂದು ಹೇಳಿಬಿಟ್ಟ. ಮನೆಯಲ್ಲಿ ಮೂರು ದಿನ ಮಾತಿಲ್ಲ. ಇರುವುದು ಒಂದು ಸಂಬಳ, ವಾಸಕ್ಕೆ ಆಂಟಾಪ್ ಹಿಲ್‌ನ ಸರಕಾರಿ ಕ್ವಾರ್ಟರ್ಸು. ನಿವೃತ್ತಿಯಾದರೆ ಅದೂ ನಮ್ಮದಲ್ಲ. ಇಂಥ ಮನೆಯ ಹುಡುಗ ರೆಕಾರ್ಡು ಮಾಡುತ್ತೇನೆಂದು ಹೊರಟರೆ ಗತಿಯೇನು?

ನಾಲ್ಕನೆಯ ದಿನ ಭಾನುವಾರ. ಸಂಘದ ರಾಜ್ಯೋತ್ಸವದ ಚಂದಾ ಲೆಕ್ಕ ನೋಡಲು ಕೆಳಗಿನ ಮನೆಯ ಧಾರವಾಡದವರೂ, ನಮ್ಮ ಆಫೀಸಿನ ಉಡುಪಿಯ ಮಿತ್ರರೂ ಬಂದು ಕೂತಿದ್ದರು. ಮಗ ಅಂಗೈಯಷ್ಟು ದೊಡ್ಡ ಸ್ಪೀಕರೊಂದನ್ನು ತಂದು ಮೇಜಿನ ಮೇಲಿಟ್ಟ. “ಅಪ್ಪ, ಅಮ್ಮ, ಮೂರೇ ನಿಮಿಷ. ಒಂದು ಹಾಡು ಕೇಳಿ. ಆಮೇಲೆ ಎಷ್ಟು ಬೇಕಾದರೂ ಬೈಯಿರಿ” ಎಂದ.

ಹಾಡು ‘ಟುಮಾರೋ ನೆವರ್ ನೋಸ್’. ಹಾಡಿದವರು ಇಂಗ್ಲೆಂಡಿನ ಲಿವರ್‌ಪೂಲ್ ಹುಡುಗರಾದ ಬೀಟಲ್ಸ್. 1966ರ ಆಗಸ್ಟಿನಲ್ಲಿ ಹೊರಬಂದ ‘ರಿವಾಲ್ವರ್’ ಎಂಬ ಎಲ್‌ಪಿಯ ಕಟ್ಟಕಡೆಯ ಹಾಡು ಅದು. ಬೀಟಲ್ಸ್ ಎಂದರೆ ನಮಗೂ ಅಷ್ಟಿಷ್ಟು ಗೊತ್ತು. ಕೂದಲು ಬೆಳೆಸಿದ ನಾಲ್ವರು, ಪ್ರೇಮಗೀತೆ, ಕಿರುಚುವ ಹುಡುಗಿಯರು. ಆದರೆ ಇದು ಅಂಥದ್ದಲ್ಲ. ಮೊದಲು ಒಂದು ಗುಂಯ್ಗುಡುವ ನಾದ. ಹಿಂದೆಯೇ ಕೋಟೆಯ ಬಾಗಿಲಿಗೆ ಗುದ್ದಿದಂತೆ ಡೋಲು. ಅದರ ಮೇಲೆ ಹಕ್ಕಿಯೋ ಯಂತ್ರವೋ ತಿಳಿಯದ ಚೀತ್ಕಾರ. ಇವೆಲ್ಲದರ ನಡುವೆ ಒಬ್ಬಾತ ಮಂತ್ರ ಹೇಳುವಂತೆ ಹಾಡುತ್ತಾನೆ. ಅರ್ಧ ದಾಟಿದ ಮೇಲೆ ಅವನ ಧ್ವನಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಪಲ್ಲವಿಯಿಲ್ಲ, ಚರಣವಿಲ್ಲ. ಶೀರ್ಷಿಕೆಯ ಮಾತು ಹಾಡಿನಲ್ಲಿ ಒಮ್ಮೆಯೂ ಬರುವುದಿಲ್ಲ.

ಹಾಡು ಮುಗಿಯಿತು. ಮೊದಲು ಬಾಯಿಬಿಟ್ಟವರು ಧಾರವಾಡದವರು. “ಏನಪಾ ತಮ್ಮಾ, ನಿಮ್ಮನಿ ಮಿಕ್ಸರ್ ಕೆಟ್ಟದೇನು?” ಎಂದರು. ಒಂದು ಕ್ಷಣ ಬಿಟ್ಟು, “ಆದ್ರ ಡೋಲು ಛಲೋ ಬಾರಿಸ್ಯಾನ ನೋಡ್ರಿ” ಎಂದು ಸೇರಿಸಿದರು. ಉಡುಪಿಯ ಮಿತ್ರರು, “ಮಲ್ಪೆ ಬಂದರಕ್ಕೆ ಬೋಟು ಬಂದಾಗ ಕಡಲಹಕ್ಕಿಗಳು ಹೀಗೇ ಕೂಗುವುದು ಮಾರಾಯ್ರೆ” ಎಂದರು. ನಮ್ಮಲ್ಲಿ ಒಬ್ಬರಿಗೆ ತಲೆನೋವು ಬಂತು. ಇನ್ನೊಬ್ಬರಿಗೆ ಕೋಚಿಂಗಿನ ಮೂರನೆಯ ಕಂತು ನೆನಪಾಯಿತು.

ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದ ಅಜ್ಜಿ ಮಾತ್ರ ಕೈ ನಿಲ್ಲಿಸಿದ್ದರು. ಅವರು ತಿಪಟೂರಿನ ಭಜನಾಮಂಡಳಿಯಲ್ಲಿ ಮೂವತ್ತು ವರ್ಷ ದೇವರನಾಮ ಹಾಡಿದವರು. “ಇನ್ನೊಂದು ಸಲ ಹಾಕು ಪುಟ್ಟ” ಎಂದರು. ಹಾಕಿದ. ಕಣ್ಣು ಮುಚ್ಚಿ ಕೇಳಿ ಹೇಳಿದರು: “ಇದರಲ್ಲಿ ತಂಬೂರಿ ಇದೆಯಲ್ಲೋ! ಎಷ್ಟು ಗಲಾಟೆ ಮಾಡಿದರೂ ಷಡ್ಜ ಬಿಟ್ಟು ಅಲ್ಲಾಡಲಿಲ್ಲ. ಸಾಲಿನ ಕೊನೆಗೆ ಕೈಶಿಕಿ ನಿಷಾದ ಮುಟ್ಟಿ ಮತ್ತೆ ಷಡ್ಜಕ್ಕೇ ಬಂದು ಕೂರ್ತಾನೆ. ಶ್ರುತಿ ಬಿಡದವನನ್ನ ಹುಚ್ಚ ಅನ್ನಬಾರದು.”

ಮಗನ ಮುಖ ನೋಡಬೇಕಿತ್ತು. ತಂಬೂರಿ ಇರುವುದು ನಿಜ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಸೇರಿಸಿದ್ದು ಅದು. ಪಾಶ್ಚಾತ್ಯರ ಹಾಡು ಸಾಮಾನ್ಯವಾಗಿ ಒಂದು ಸ್ವರಮೇಳದಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ. ಈ ಹಾಡು ಹೆಚ್ಚುಕಡಿಮೆ ಒಂದೇ ಸ್ವರಮೇಳದ ಮೇಲೆ ನಿಂತಿದೆ. ಅವರ ಕಿವಿಗೆ ವಿಚಿತ್ರವಾಗಿ ಕಂಡದ್ದೇ ನಮ್ಮ ಅಜ್ಜಿಯ ಕಿವಿಗೆ ಪರಿಚಯದ್ದಾಗಿತ್ತು.

ಆಮೇಲೆ ಮಗ ವಿವರಿಸತೊಡಗಿದ. ನಮ್ಮೊಡನೆ ಅವನು ಮಾತಾಡುವುದು ಕನ್ನಡ, ಹಿಂದಿ, ಇಂಗ್ಲಿಷುಗಳ ಚಿತ್ರಾನ್ನ. ಅಂದು ಕೇಳುವವರು ಅಜ್ಜಿಯಾದ್ದರಿಂದ ಕನ್ನಡದಲ್ಲೇ ಹೇಳಬೇಕಾಯಿತು. ಹುಡುಕಿ ಹುಡುಕಿ ಹೇಳಿದ. ಅವನು ‘ಉಲ್ಟಾ’ ಎಂದರೆ ಅಜ್ಜಿ ‘ಹಿಂದುಮುಂದು ಅನ್ನು’ ಎಂದು ತಿದ್ದುತ್ತಿದ್ದರು.

ಅವನು ಹೇಳಿದ್ದರ ಸಾರಾಂಶ ಇಷ್ಟು. ಈ ಹಾಡಿನ ಮುದ್ರಣ ಶುರುವಾದದ್ದು 1966ರ ಏಪ್ರಿಲ್ 6ರಂದು, ಲಂಡನ್ನಿನ ಆಬಿ ರಸ್ತೆಯ ಇಎಂಐ ಸ್ಟುಡಿಯೋದಲ್ಲಿ. ಆಗ ಕಂಪ್ಯೂಟರಿಲ್ಲ, ಇದ್ದದ್ದು ಟೇಪು ಮಾತ್ರ. ಪಾಲ್ ಮೆಕಾರ್ಟ್ನಿ ಮನೆಯಲ್ಲೇ ಟೇಪಿನ ತುಂಡುಗಳ ಎರಡು ತುದಿಗಳನ್ನು ಅಂಟಿಸಿ ಬಳೆಯ ಹಾಗೆ ಮಾಡಿ ತಂದಿದ್ದ. ಗಾಣದ ಎತ್ತಿನಂತೆ ಅದು ಸುತ್ತುತ್ತಲೇ ಇರುತ್ತದೆ, ಅದೇ ಧ್ವನಿ ಮರಳಿ ಮರಳಿ ಬರುತ್ತದೆ. ಉಡುಪಿಯವರ ಕಡಲಹಕ್ಕಿ ವಾಸ್ತವವಾಗಿ ವೇಗ ಹೆಚ್ಚಿಸಿದ ಪಾಲ್‌ನ ನಗೆ! ಇಂಥ ಐದು ಬಳೆಗಳನ್ನು ಬೇರೆ ಬೇರೆ ಕೋಣೆಗಳ ಯಂತ್ರಗಳ ಮೇಲೆ ಏರಿಸಿದರು. ಟೇಪು ಸಡಿಲವಾಗದಂತೆ ಸ್ಟುಡಿಯೋದ ನೌಕರರು ಪೆನ್ಸಿಲ್ ಕೊಟ್ಟು ಬಿಗಿಯಾಗಿ ಹಿಡಿದು ನಿಂತರು. ಇತ್ತ ಒಂದೊಂದನ್ನೇ ಏರಿಸಿ ಇಳಿಸಿ ಆ ಕ್ಷಣದಲ್ಲೇ ಬೆರೆಸಿದರು. ಇನ್ನೊಮ್ಮೆ ಮಾಡಿದರೆ ಅದೇ ರೀತಿ ಬರುವುದಿಲ್ಲ. ಪೆನ್ಸಿಲಿನ ಮಾತು ಬಂದಾಗ ನಮ್ಮ ಕಿವಿ ಸ್ವಲ್ಪ ನೆಟ್ಟಗಾಯಿತು ಎಂಬುದನ್ನು ದಾಖಲಿಸಬೇಕು. ಪೆನ್ಸಿಲಿಗೂ ಟೇಪಿಗೂ ಇರುವ ನಂಟನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಡುಗಾರ ಜಾನ್ ಲೆನನ್‌ಗೆ ತನ್ನ ಧ್ವನಿ ದಲಾಯಿ ಲಾಮಾ ಬೆಟ್ಟದ ತುದಿಯಿಂದ ಮಂತ್ರ ಹೇಳಿದಂತೆ ಕೇಳಬೇಕೆಂಬ ಆಸೆ. ಬೆಟ್ಟಕ್ಕೆ ಹೋಗುವುದೆಲ್ಲಿ? ಹ್ಯಾಮಂಡ್ ಆರ್ಗನ್ನಿಗೆ ಜೋಡಿಸುವ ಲೆಸ್ಲಿ ಎಂಬ ಸ್ಪೀಕರ್ ಪೆಟ್ಟಿಗೆಯಿದೆ. ಅದರೊಳಗೆ ಧ್ವನಿ ಹೊರಬರುವ ಭಾಗವೇ ತಿರುಗುತ್ತಿರುತ್ತದೆ. ಅವನ ಧ್ವನಿಯನ್ನು ಅದರ ಮೂಲಕ ಹಾಯಿಸಿ ಮತ್ತೆ ಮುದ್ರಿಸಿಕೊಂಡರು. ಇದು ಬಿ.ಎಸ್ಸಿ.ಯಲ್ಲಿ ಓದಿದ ಡಾಪ್ಲರ್ ಪರಿಣಾಮ. ಮಾಟುಂಗಾ ನಿಲ್ದಾಣದಲ್ಲಿ ನಿಲ್ಲದೆ ಓಡುವ ಫಾಸ್ಟ್ ಗಾಡಿಯ ಹಾರ್ನು, ಹತ್ತಿರ ಬರುವಾಗ ಒಂದು ಸ್ಥಾಯಿ, ದಾಟಿದ ಮೇಲೆ ಇನ್ನೊಂದು. ಅದೇ ನಿಯಮ ಇಲ್ಲಿ ಪೆಟ್ಟಿಗೆಯೊಳಗೆ ಗಿರಗಿರನೆ ತಿರುಗಿದೆ. ಇಪ್ಪತ್ತೈದು ವರ್ಷದ ಹಿಂದೆ ಪರೀಕ್ಷೆಗೆ ಬರೆದು ಮರೆತ ಸೂತ್ರ ಹಾಡಾಗಿ ಮನೆಗೆ ಬರುತ್ತದೆಂದು ಯಾರು ಎಣಿಸಿದ್ದರು?

ಇನ್ನು ಡೋಲಿನ ಕಥೆ. ಡೋಲಿಗೆ ತೀರ ಸಮೀಪದಲ್ಲಿ ಮೈಕು ಇಡಬಾರದೆಂಬುದು ಆ ಸ್ಟುಡಿಯೋದ ಕಟ್ಟುನಿಟ್ಟು. ಹೊಸ ಇಂಜಿನಿಯರು ಮೈಕನ್ನು ಹತ್ತಿರಕ್ಕೆ ಸರಿಸಿ, ರಿಂಗೋ ಸ್ಟಾರ್‌ನ ದೊಡ್ಡ ಡೋಲಿನೊಳಗೆ ಒಂದು ಉಣ್ಣೆಯ ಸ್ವೆಟರ್ ತುರುಕಿದ. ಕೋಟೆಯ ಬಾಗಿಲಿಗೆ ಗುದ್ದಿದ ಸದ್ದು ಬಂದದ್ದು ಅದರಿಂದ. ಆ ಇಂಜಿನಿಯರು ಜೆಫ್ ಎಮೆರಿಕ್. ಬೀಟಲ್ಸ್‌ಗೆ ಮುಖ್ಯ ಇಂಜಿನಿಯರಾಗಿ ಅವನ ಮೊದಲ ಕೆಲಸವೇ ಈ ಹಾಡು.

“ಅವನಿಗೆ ಆಗ ಎಷ್ಟು ವಯಸ್ಸು ಗೊತ್ತಾ ಅಪ್ಪ? ಇಪ್ಪತ್ತು” ಎಂದ ಮಗ. “ನೀವು ಇಂಜಿನಿಯರ್ ಆಗು ಅಂದ್ರಿ. ನಾನೂ ಅದನ್ನೇ ಹೇಳ್ತಾ ಇದ್ದೀನಿ.”

ಸ್ವೆಟರಿನ ಮಾತಿಗೆ ನಕ್ಕಿದ್ದ ನಮಗೆ ಈ ಮಾತಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಮುಂದಿನ ಕೆಲವು ದಿನ ಆಫೀಸಿನ ಊಟದ ಬಿಡುವಿನಲ್ಲಿ ನಾವೂ ಈ ಹಾಡಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆವು. 1966ರಲ್ಲಿ ಕೇಳಿದವರ ಪಾಡೂ ನಮ್ಮದಕ್ಕಿಂತ ತೀರ ಬೇರೆಯಾಗಿರಲಿಲ್ಲ. ಕಿಂಕ್ಸ್ ತಂಡದ ರೇ ಡೇವೀಸ್ ಒಂದು ಸಂಗೀತ ಪತ್ರಿಕೆಗೆ ಈ ಎಲ್‌ಪಿಯ ವಿಮರ್ಶೆ ಮಾಡುತ್ತ, ನಿರ್ಮಾಪಕ ಜಾರ್ಜ್ ಮಾರ್ಟಿನ್‌ನನ್ನು ಕಂಬಕ್ಕೆ ಕಟ್ಟಿಹಾಕಿ ಈ ಹಾಡು ಮಾಡಿರಬೇಕು ಎಂಬರ್ಥದ ಕುಚೋದ್ಯ ಮಾಡಿದ್ದ. ಅದೇ ಉಸಿರಿನಲ್ಲಿ, ಕುಣಿಯುವ ಕ್ಲಬ್ಬುಗಳಲ್ಲಿ ಇದು ನಡೆದೀತು ಎಂದೂ ಹೇಳಿದ್ದ. ನಮ್ಮ ಧಾರವಾಡದವರ ಎರಡು ಮಾತಿಗೂ ಇದಕ್ಕೂ ಎಷ್ಟು ಹೋಲಿಕೆ ನೋಡಿ! ಕ್ಲಬ್ಬಿನ ಮಾತು ಮೂವತ್ತು ವರ್ಷದ ಮೇಲೆ ನಿಜವಾಯಿತು. 1996ರಲ್ಲಿ ಕೆಮಿಕಲ್ ಬ್ರದರ್ಸ್ ಎಂಬ ಜೋಡಿ ಈ ಹಾಡಿನ ಋಣ ಎದ್ದು ಕಾಣುವ ‘ಸೆಟ್ಟಿಂಗ್ ಸನ್’ ಎಂಬ ಕುಣಿತದ ಹಾಡು ಮಾಡಿ ಇಂಗ್ಲೆಂಡಿನಲ್ಲಿ ಮೊದಲ ಸ್ಥಾನ ಗಳಿಸಿತು. ಟೇಪಿನ ಬಳೆ ಅಂದು ವಿಚಿತ್ರ. ಇಂದು ಯಾವ ಹುಡುಗನ ಮೊಬೈಲಿನಲ್ಲಾದರೂ ಒಂದು ಗುಂಡಿ. ಬೀಟಲ್ಸ್ ಮಾತ್ರ ಇದನ್ನು ವೇದಿಕೆಯ ಮೇಲೆ ಒಮ್ಮೆಯೂ ಹಾಡಲಿಲ್ಲ. 1966ರ ಆಗಸ್ಟ್ 29ರಂದು ಸಾನ್ ಫ್ರಾನ್ಸಿಸ್ಕೋದಲ್ಲಿ ಕಛೇರಿ ಮುಗಿಸಿ, ಸಂಚಾರಕ್ಕೇ ಮುಕ್ತಾಯ ಹಾಡಿದರು.

ಓದುತ್ತ ಓದುತ್ತ ನಮ್ಮ ಊರೂ ಸಿಕ್ಕಿತು. ತಂಬೂರಿ ಸೇರಿಸಿದ ಹ್ಯಾರಿಸನ್ 1966ರ ಸೆಪ್ಟೆಂಬರಿನಲ್ಲಿ ಪಂಡಿತ ರವಿಶಂಕರರಲ್ಲಿ ಸಿತಾರ್ ಕಲಿಯಲು ಇದೇ ಮುಂಬಯಿಗೆ ಬಂದಿದ್ದ. 1968ರ ಜನವರಿಯಲ್ಲಿ ಮತ್ತೆ ಬಂದು ಇಲ್ಲಿನ ಎಚ್‌ಎಂವಿ ಸ್ಟುಡಿಯೋದಲ್ಲಿ ಸಂತೂರಿನ ಶಿವಕುಮಾರ ಶರ್ಮ ಮೊದಲಾದವರ ವಾದನವನ್ನು ಮುದ್ರಿಸಿಕೊಂಡು ಹೋದ.

ಒಂದು ಸಂಗತಿ ನಮ್ಮ ನಿದ್ದೆ ಕೆಡಿಸಿತು. ಈ ಹಾಡಿನ ಮಾತುಗಳಿಗೆ ಪ್ರೇರಣೆ, ಟಿಬೆಟಿನ ಮೃತ್ಯುಗ್ರಂಥವನ್ನು ಆಧರಿಸಿ 1964ರಲ್ಲಿ ಟಿಮತಿ ಲಿಯರಿ ಮತ್ತು ಸಂಗಡಿಗರು ಬರೆದ ಪುಸ್ತಕ. ಅದು ಎಲ್‌ಎಸ್‌ಡಿ ಮುಂತಾದ ಮಾದಕಗಳ ಅನುಭವಕ್ಕೆ ಬರೆದ ಕೈಪಿಡಿ. ಹದಿನೇಳು ವರ್ಷದ ಮಗ ಇಂಥ ಹಾಡು ಕೇಳುತ್ತಾನೆಂದರೆ ಯಾವ ತಂದೆತಾಯಿಗೆ ಕೈಕಾಲು ತಣ್ಣಗಾಗುವುದಿಲ್ಲ? ನೇರವಾಗಿಯೇ ಕೇಳಿದೆವು. ಅವನು ನೇರವಾಗಿಯೇ ಉತ್ತರಿಸಿದ: “ಗೊತ್ತು. ಅದು ಅವರ ಕಥೆ. ಟೇಪು ಕತ್ತರಿಸೋಕೆ, ಮೈಕು ಸರಿಯಾದ ಜಾಗದಲ್ಲಿ ಇಡೋಕೆ ತಲೆ ನೆಟ್ಟಗಿರಬೇಕು ಅಮ್ಮ. ನನಗೆ ಬೇಕಾದ್ದು ಆ ಕೆಲಸ.” ಆ ಮಾತನ್ನು ನಂಬಿದೆವು. ನಂಬಿದ ಮೇಲೂ ಎಚ್ಚರವಾಗಿದ್ದೇವೆ. ಎರಡೂ ನಮ್ಮ ಕರ್ತವ್ಯವೇ.

ಕೊನೆಗೆ ಒಂದು ರಾಜಿಯಾಯಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಧ್ವನಿಮುದ್ರಣದ ಶಿಕ್ಷಣವಿದೆ. 2009ರಲ್ಲಿ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಅಲ್ಲಿಯ ವಿದ್ಯಾರ್ಥಿ ಎಂದು ಮಗನೇ ಹೇಳಿದ. ಅದಕ್ಕೆ ಸೇರಲು ಮೊದಲು ಪದವಿ ಬೇಕು. ಸರಿ, ಭೌತವಿಜ್ಞಾನದಲ್ಲಿ ಬಿ.ಎಸ್ಸಿ. ಮಾಡು, ಆಮೇಲೆ ಪುಣೆಯ ಪರೀಕ್ಷೆ ಬರೆ ಎಂದೆವು. ಮೂರನೆಯ ಕಂತು ಕಟ್ಟಲಿಲ್ಲ. ಕಟ್ಟಿದ ಎರಡು ಕಂತು ವಾಪಸು ಬರುವುದಿಲ್ಲ. ಪುಣೆಯಲ್ಲಿ ಸೀಟು ಸಿಗುತ್ತದೆಂಬ ಖಾತರಿಯಿಲ್ಲ. ಸಿಕ್ಕರೂ ಕೆಲಸದ ಖಾತರಿಯಿಲ್ಲ. ಊರಿನಿಂದ ಫೋನು ಮಾಡಿದ ಭಾವನವರು, “ಸರಕಾರಿ ನೌಕರಿಯಲ್ಲಿದ್ದೂ ಹುಡುಗನನ್ನ ಹೀಗೆ ಬಿಟ್ಟಿರಾ?” ಎಂದರು. ಬಿಡಲಿಲ್ಲ, ಕೇಳಿಸಿಕೊಂಡೆವು ಎಂದೆವು. ಅವರಿಗೆ ಸಮಾಧಾನವಾಗಲಿಲ್ಲ. ನಮಗೂ ಪೂರ್ತಿ ಆಗಿದೆಯೆಂದು ಹೇಳಲಾರೆವು. ಆದರೆ ಊಟದ ಹೊತ್ತಿಗೆ ಮನೆಯಲ್ಲಿ ಮತ್ತೆ ಮಾತಿದೆ.

ಓದುಗ ಮಿತ್ರರೇ, ನಿಮ್ಮ ಮನೆಯ ಮಕ್ಕಳೂ ಕಿವಿಗೆ ಏನೋ ಸಿಕ್ಕಿಸಿಕೊಂಡು ತಲೆಯಾಡಿಸುತ್ತ ಕೂತಿರುತ್ತಾರೆ. ಅದರಲ್ಲಿ ಕನ್ನಡವಿಲ್ಲವಲ್ಲ ಎಂದು ನೀವೂ ನಮ್ಮ ಹಾಗೆ ಕೊರಗುತ್ತಿರಬಹುದು. ಒಮ್ಮೆ ಕೇಳಿಸು ಎಂದು ಕೇಳಿ ನೋಡಿ. ಹಾಡು ಹಿಡಿಸಲೇಬೇಕೆಂದಿಲ್ಲ, ನಮಗೆ ಈ ಹಾಡು ಇನ್ನೂ ಅರ್ಧವಷ್ಟೇ ಹಿಡಿಸಿದೆ. ಡೋಲು ಹಿಡಿಸಿದೆ, ಕಡಲಹಕ್ಕಿ ಹಿಡಿಸಿಲ್ಲ. ಆದರೆ ಹಾಡನ್ನು ವಿವರಿಸುವಾಗ ಮಕ್ಕಳು ನಮ್ಮೊಡನೆ ಮಾತಾಡುತ್ತಾರೆ. ಅಜ್ಜಿಯಿದ್ದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಭಾನುವಾರದ ಮಧ್ಯಾಹ್ನ ನಮ್ಮಲ್ಲಿ ಹೊಸ ಕಾರ್ಯಕ್ರಮ. ಫ್ಯಾನು ಆರಿಸಿ, ಕಿಟಕಿಗೆ ಚಾದರ ಕಟ್ಟಿ, ಮಗ ಅಜ್ಜಿಯ ದೇವರನಾಮಗಳನ್ನು ಒಂದೊಂದಾಗಿ ಮುದ್ರಿಸಿಕೊಳ್ಳುತ್ತಿದ್ದಾನೆ. ಸಾಹಿತ್ಯ ಬರೆದುಕೊಳ್ಳಬೇಕಲ್ಲ, ಹಾಗಾಗಿ ಕನ್ನಡ ಅಕ್ಷರವೂ ತಿದ್ದಿಸಿಕೊಳ್ಳುತ್ತಿದೆ. ತಿಳಿಯದ ಪದ ಬಂದರೆ ಹಾಡು ನಿಲ್ಲಿಸಿ ಅರ್ಥ ಕೇಳುತ್ತಾನೆ. ಇಲ್ಲಿಯವರೆಗೆ ಹನ್ನೊಂದು ಹಾಡಾಗಿವೆ. ಅಜ್ಜಿಯದು ಒಂದೇ ಷರತ್ತು: “ಅದೇನು ಬೇಕಾದರೂ ಮಾಡಿಕೊಳ್ಳೋ ಪುಟ್ಟ, ನನ್ನ ಪುರಂದರದಾಸರನ್ನ ಮಾತ್ರ ಹಿಂದುಮುಂದು ಮಾಡಬೇಡ.”