ಅಂದಾಜಿನ ಲೆಕ್ಕ

ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು ನಾನು. ಪ್ರತಿವರ್ಷ ದೀಪಾವಳಿ ಕಳೆದ ಮೇಲೆ ಹತ್ತನೆಯ ತರಗತಿಯ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು, ಯಾರು ತೇರ್ಗಡೆಯಾಗುತ್ತಾರೆ, ಯಾರು ಆಗುವುದಿಲ್ಲ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುವುದು ನನ್ನ ರೂಢಿಯಾಗಿತ್ತು. ಕಿರುಪರೀಕ್ಷೆಗಳ ಅಂಕ, ಅರ್ಧವಾರ್ಷಿಕದ ಅಂಕ, ಹಾಜರಿ ಇವಿಷ್ಟನ್ನು ಕೂಡಿಸಿ ಮಾಡಿದ ಅಂದಾಜು ಬಹುಪಾಲು ನಿಜವಾಗುತ್ತಿತ್ತು. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಆ ಹೆಮ್ಮೆಗೆ ಬೆಲೆ ತೆತ್ತವನು ಒಬ್ಬ ಹುಡುಗ. ಅವನ ಮಾತನ್ನು ಕಡೆಯಲ್ಲಿ ಹೇಳುತ್ತೇನೆ. ಮೊದಲು ಅಕ್ಕನ ವಿಷಯ.

ನಮ್ಮ ಅಕ್ಕ ಮದುವೆಯಾಗಿ ಮಲೆನಾಡಿನ ಆ ದೊಡ್ಡ ಮನೆಗೆ ಹೋದಾಗ ಅವಳಿಗೆ ಹದಿನೇಳು ತುಂಬಿರಲಿಲ್ಲ. ಅಂದಿನಿಂದ ಅಡುಗೆಮನೆಯ ಸೌದೆ ಒಲೆ, ಬಚ್ಚಲ ಹಂಡೆಯ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ, ಹೀಗೆ ಹೊಗೆಯ ನಡುವೆಯೇ ಅವಳ ಬದುಕು ಸಾಗಿತು. ಬೀಡಿಯನ್ನು ಕೈಯಿಂದಲೂ ಮುಟ್ಟದವಳಿಗೆ ಎಪ್ಪತ್ತರ ಹೊತ್ತಿಗೆ ದಮ್ಮು ಹತ್ತಿತು. ಸಿಓಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ರೋಗ ಎಂದರು. ಮೂರು ವರ್ಷದ ಹಿಂದೆ, ಒಂದೇ ವರ್ಷದಲ್ಲಿ ಎರಡು ಬಾರಿ ಉಸಿರಾಟ ತೀರಾ ಕೆಟ್ಟು ಹಾಸಿಗೆ ಹಿಡಿದಳು. ವಿದೇಶದಲ್ಲಿರುವ ಅವಳ ಮಗ ಫೋನು ಮಾಡಿ, "ಮಾವ, ಅಮ್ಮನಿಗೆ ಇನ್ನೆಷ್ಟು ವರ್ಷ ಅಂತ ಡಾಕ್ಟರನ್ನು ಕೇಳಿ ಹೇಳಿ. ಈಗಲೇ ಬರಲೋ, ರಜೆ ಸಿಕ್ಕಾಗ ಬಂದರೆ ಸಾಕೋ?" ಎಂದ. ನಿಮ್ಮಲ್ಲಿ ಇನ್ನೂ ಕೆಲವರು ಇದನ್ನೇ ಬೇರೆ ಮಾತಿನಲ್ಲಿ ಕೇಳಿದ್ದೀರಿ.

ಅಕ್ಕನನ್ನು ನೋಡುವವರು ತಾಲ್ಲೂಕು ಕೇಂದ್ರದಲ್ಲಿರುವ ಸಾಮಾನ್ಯ ವೈದ್ಯರು, ತಜ್ಞರಲ್ಲ. ನನ್ನ ಪ್ರಶ್ನೆಯನ್ನು ಕೇಳಿ ಅವರು, "ಮೇಷ್ಟ್ರೇ, ಎಷ್ಟು ವರ್ಷ ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಆದರೆ ಆಸ್ಪತ್ರೆ ಸೇರುವ ಸಂಭವ ಹೆಚ್ಚೋ ಕಡಿಮೆಯೋ ಎಂದು ಲೆಕ್ಕ ಹಾಕಬಹುದು. ನೀವು ಲೆಕ್ಕದವರು, ನಿಮಗೇ ತೋರಿಸುತ್ತೇನೆ" ಎಂದು ಚೀಟಿಯ ಹಿಂಬದಿಯಲ್ಲಿ ಬರೆಯತೊಡಗಿದರು.

2004ರಲ್ಲಿ ಬೋಡ್ ಎಂಬ ಸೂಚ್ಯಂಕ ಪ್ರಕಟವಾಯಿತಂತೆ. ದೇಹದ ತೂಕ, ಗಾಳಿಯ ಹರಿವಿನ ತಡೆ, ಏದುಸಿರು, ಆರು ನಿಮಿಷದಲ್ಲಿ ನಡೆಯಬಲ್ಲ ದೂರ ಈ ನಾಲ್ಕಕ್ಕೆ ಅಂಕ ಕೊಟ್ಟರೆ ಒಟ್ಟು 0ರಿಂದ 10. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಆದರೆ ಆ ನಡಿಗೆಗೆ 30 ಮೀಟರ್ ಉದ್ದದ ಹಜಾರ ಬೇಕು. ಎರಡು ಕೋಣೆಯ ದವಾಖಾನೆಯಲ್ಲಿ ಅದು ಎಲ್ಲಿಂದ ಬರಬೇಕು? ಹಾಗಾಗಿ 2009ರಲ್ಲಿ ಸರಳವಾದ ಬೇರೆ ಕೋಷ್ಟಕಗಳು ಬಂದವು. ಅವುಗಳಲ್ಲಿ ಡೋಸ್ ಎಂಬುದು ಇಂಥ ಸಾಮಾನ್ಯ ವೈದ್ಯರಿಗೂ ಸುಲಭವಾಗಿ ಒದಗುವಂಥದು. ಏದುಸಿರಿಗೆ 3ರವರೆಗೆ, ಗಾಳಿಯ ತಡೆಗೆ 2ರವರೆಗೆ, ಈಗಲೂ ಧೂಮಪಾನ ಮಾಡುತ್ತಿದ್ದರೆ 1, ವರ್ಷದಲ್ಲಿ ರೋಗ ಉಲ್ಬಣಿಸಿದ ಸಲಗಳಿಗೆ 2ರವರೆಗೆ, ಒಟ್ಟು 8 ಅಂಕ. 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆಸ್ಪತ್ರೆ ಸೇರುವ ಅಪಾಯ ಹೆಚ್ಚೆಂದು ತಿಳಿಯಬೇಕು.

ಅಕ್ಕ ಸಮತಟ್ಟಾದ ನೆಲದಲ್ಲಿ ನೂರು ಮೀಟರ್ ನಡೆದರೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಅದಕ್ಕೆ 2. ಸ್ಪೈರೋಮೀಟರಿನಲ್ಲಿ ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ, ಅವಳ ವಯಸ್ಸು ಮತ್ತು ಎತ್ತರಕ್ಕೆ ಇರಬೇಕಾದುದರ ಶೇಕಡಾ 42. ಅದಕ್ಕೆ 1. ಎರಡು ಬಾರಿ ಉಲ್ಬಣಿಸಿದ್ದಕ್ಕೆ 1. ಧೂಮಪಾನಕ್ಕೆ ಸೊನ್ನೆ. ಒಟ್ಟು 4.

"ಐವತ್ತು ವರ್ಷ ಕುಡಿದ ಹೊಗೆಗೆ ಸೊನ್ನೆಯೇ ಸ್ವಾಮಿ?" ಎಂದೆ. ವೈದ್ಯರು ನಕ್ಕರು. "ಸಿಗರೇಟೇ ಮುಖ್ಯ ಕಾರಣವಾದ ನಾಡುಗಳಲ್ಲಿ ಹುಟ್ಟಿದ ಕೋಷ್ಟಕ ಇದು. ನಮ್ಮ ಒಲೆಯನ್ನು ಅದು ಕಂಡಿಲ್ಲ. ಇನ್ನೊಂದು ಮಾತು. ಇದು ಗುಂಪಿನ ಲೆಕ್ಕ. ಇಷ್ಟೇ ಅಂಕ ಬಂದ ನೂರು ಜನರಲ್ಲಿ ಸುಮಾರು ಎಷ್ಟು ಮಂದಿಗೆ ತೊಂದರೆ ಎಂದು ಹೇಳೀತು. ಆ ನೂರರಲ್ಲಿ ನಿಮ್ಮ ಅಕ್ಕ ಯಾವ ಕಡೆ ಎಂದು ಹೇಳಲಾರದು."

"ಹಾಗಾದರೆ ಇದರಿಂದ ಏನು ಪ್ರಯೋಜನ?"

"ಯಾರ ಮೇಲೆ ಹೆಚ್ಚು ಕಣ್ಣಿಡಬೇಕು ಎಂದು ತಿಳಿಯುತ್ತದೆ. ಹೋದ ಶ್ವಾಸಕೋಶ ಮರಳುವುದಿಲ್ಲ. ಆದರೆ ಏದುಸಿರಿನ ಅಂಕವನ್ನೂ ಉಲ್ಬಣದ ಅಂಕವನ್ನೂ ಇಳಿಸಲು ಪ್ರಯತ್ನಿಸಬಹುದು" ಎಂದು ಅವರು ಅಕ್ಕನ ಕೈಗೆ ಇನ್‌ಹೇಲರ್ ಕೊಟ್ಟು, "ಅಮ್ಮಾ, ನನ್ನೆದುರು ಒಮ್ಮೆ ತೆಗೆದುಕೊಳ್ಳಿ" ಎಂದರು. ಅಷ್ಟು ದಿನವೂ ಅವಳು ಔಷಧವನ್ನು ಬಾಯಿಗೆ ಸಿಂಪಡಿಸಿಕೊಂಡು ಒಡನೆಯೇ ಉಸಿರು ಬಿಟ್ಟುಬಿಡುತ್ತಿದ್ದಳು! ನಿಧಾನವಾಗಿ ಒಳಗೆಳೆದು ಹತ್ತು ಎಣಿಸುವವರೆಗೆ ಉಸಿರು ಹಿಡಿಯುವುದನ್ನು ಅವರು ತಾಳ್ಮೆಯಿಂದ ಕಲಿಸಿದರು. ಇನ್‌ಫ್ಲುಯೆಂಜಾ ಲಸಿಕೆ ಹಾಕಿಸಿದರು. ದಿನವೂ ಅಂಗಳದಲ್ಲಿ, ನಿಂತು ನಿಂತಾದರೂ ಸರಿ, ನಡೆಯಲು ಹೇಳಿದರು. ಅಡುಗೆಗೆ ಗ್ಯಾಸ್ ಬಂದು ವರ್ಷಗಳಾಗಿದ್ದರೂ ಬಚ್ಚಲ ಒಲೆ ಉರಿಯುತ್ತಲೇ ಇತ್ತು. ನಾನೇ ನಿಂತು ಅದನ್ನು ಕೆಡವಿಸಿ ಸೋಲಾರ್ ಹಾಕಿಸಿದೆ. "ಹಂಡೆಯ ನೀರಿನ ಸುಖ ಇದಕ್ಕಿಲ್ಲ ಕಣೋ ತಮ್ಮ" ಎಂದು ಅಕ್ಕ ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.

ಮರುವರ್ಷ ಉಲ್ಬಣವಾದದ್ದು ಒಂದೇ ಬಾರಿ. ನೂರು ಮೀಟರಿಗೆ ನಿಲ್ಲುತ್ತಿದ್ದವಳು ನಿಧಾನವಾಗಿಯಾದರೂ ತೋಟದ ದಣಪೆಯವರೆಗೆ ನಡೆದಳು. ವೈದ್ಯರು ಮತ್ತೆ ಕೂಡಿಸಿದಾಗ ಒಟ್ಟು 2. ರೋಗ ಹೋಗಿರಲಿಲ್ಲ, ಊದಿದ ಗಾಳಿಯ ಅಂಕ ಇದ್ದಲ್ಲೇ ಇತ್ತು. ಅಳಿಯನಿಗೆ ಫೋನಿನಲ್ಲಿ, "ಲೆಕ್ಕ ನೋಡಿ ಬರಬೇಡ. ನೋಡಬೇಕೆನಿಸಿದರೆ ಬಾ" ಎಂದೆ. ಹಲಸಿನ ಕಾಲಕ್ಕೆ ಬಂದು ಮೂರು ವಾರ ಇದ್ದು ಹೋದ.

ಇನ್ನು ಆ ಹುಡುಗ. ಒಂದು ವರ್ಷ ಅವನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದಿದ್ದೆ. ಅವನ ತಂದೆ ಬಂದು ವಿಚಾರಿಸಿದಾಗ, "ಈ ಸಲ ಕಷ್ಟ" ಎಂದುಬಿಟ್ಟೆ. ಕೂಲಿಯ ಮನುಷ್ಯ, ಪರೀಕ್ಷೆಯ ಶುಲ್ಕವಾದರೂ ಉಳಿಯಲಿ ಎಂದುಕೊಂಡಿರಬೇಕು. ಮರುವಾರದಿಂದ ಹುಡುಗ ಶಾಲೆಗೆ ಬರಲಿಲ್ಲ, ಹೋಟೆಲಿನ ಕೆಲಸಕ್ಕೆ ಸೇರಿದ. ಎಷ್ಟೋ ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಿ, ಕಾಲು ಮುಟ್ಟಿ ನಮಸ್ಕರಿಸಿ, "ನೀವು ಹೇಳಿದ್ದು ಸರಿಯಾಗಿಯೇ ಇತ್ತು ಸಾರ್" ಎಂದ. ಸರಿಯೋ ತಪ್ಪೋ ತಿಳಿಯುವುದಾದರೂ ಹೇಗೆ? ಅವನು ಪರೀಕ್ಷೆಗೇ ಕೂರಲಿಲ್ಲವಲ್ಲ. ಆ ಅಡ್ಡಗೆರೆಯನ್ನು ನೋಡಿ ನಾನು ಮಾಡಬೇಕಾಗಿದ್ದುದು ಸಂಜೆ ಒಂದು ಗಂಟೆ ಅವನನ್ನು ಕೂರಿಸಿಕೊಂಡು ಪಾಠ ಹೇಳುವ ಕೆಲಸ. ಆ ಸಣ್ಣ ದವಾಖಾನೆಯ ವೈದ್ಯರಿಗೆ ತಿಳಿದಿದ್ದ ಈ ಸಂಗತಿ ನನಗೆ ಹೊಳೆದದ್ದು ನಿವೃತ್ತಿಯ ನಂತರ.

ಅಕ್ಕ ಈಗಲೂ ಇದ್ದಾಳೆ. ಚಳಿಗಾಲದಲ್ಲಿ ಕಷ್ಟಪಡುತ್ತಾಳೆ. ಫೋನು ಮಾಡುವವರು ಇನ್ನು ಮುಂದೆ ನನ್ನನ್ನು "ಎಷ್ಟು ದಿನ" ಎಂದು ಕೇಳದಿರಿ. ಅವಳನ್ನೇ "ಇವತ್ತು ಎಷ್ಟು ದೂರ ನಡೆದೆ?" ಎಂದು ಕೇಳಿ. ಬಹಳ ಉತ್ಸಾಹದಿಂದ ಹೇಳುತ್ತಾಳೆ.