ಅರ್ಧ ಲಕ್ಷದ ಬೇರಿಂಗು

ರಾಯಚೂರಿನಲ್ಲಿ ಬೇರಿಂಗ್ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹತ್ತಿ ಜಿನ್ನಿಂಗ್ ಫ್ಯಾಕ್ಟರಿ, ಅಕ್ಕಿ ಮಿಲ್ಲು, ಹೊಲದ ಪಂಪ್‌ಸೆಟ್ಟು ಎಲ್ಲವೂ ಅದರ ಮೇಲೆಯೇ ತಿರುಗುವುದು. ಸುಗ್ಗಿಯಲ್ಲಿ ‘ಬುಷ್ ತಿಂದದ’ ಎಂಬ ಎರಡು ಮಾತು ಬಿದ್ದರೆ ಮಿಲ್ಲಿನ ಮಾಲೀಕನ ಊಟ ತಟ್ಟೆಯಲ್ಲೇ ಉಳಿಯುತ್ತದೆ. ಇಂಥ ಊರಿನಲ್ಲಿ ಕೂತು, ಹಾಡು ಕೇಳುವ ಟರ್ನ್‌ಟೇಬಲ್ಲಿಗೆ ಅರ್ಧ ಲಕ್ಷದ ಬೇರಿಂಗು ಹಾಕಿಸಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವವನನ್ನು ಜನ ಏನೆಂದಾರು? ಮಾನ್ವಿಯ ನನ್ನ ಗೆಳೆಯನೊಬ್ಬ ಮಾತ್ರ ‘ಹಾಕ್ಸು, ಹಾಕ್ಸು’ ಎಂದು ಬೆನ್ನು ಹತ್ತಿದ್ದ. ಅವನದು ದಾಸರ ಪದಗಳ ಹುಚ್ಚು. ಜಗನ್ನಾಥದಾಸರ ಊರಿನವನಿಗೆ ಅದು ಬರದೆ ಇನ್ನಾರಿಗೆ ಬಂದೀತು.

ನನ್ನದು ಸ್ವಿಟ್ಜರ್ಲೆಂಡಿನ ಲೆಂಕೊ ಎಲ್-75. ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದು. ಸುಮಾರು ನಾಲ್ಕು ಕಿಲೋ ತೂಗುವ ತಟ್ಟೆ, ಅದರ ಅಡಿಯನ್ನು ಉಜ್ಜುತ್ತಾ ತಿರುಗಿಸುವ ಒಂದು ರಬ್ಬರ್ ಚಕ್ರ, ಆ ಚಕ್ರವನ್ನು ತಿರುಗಿಸುವ ಮೋಟಾರು. ತಟ್ಟೆಯ ನಡುವಿನ ದಂಡ ಒಂದು ಕಂಚಿನ ಬುಷ್ಷಿನೊಳಗೆ ನಿಂತು, ತಳದಲ್ಲಿ ಒಂದೇ ಒಂದು ಉಕ್ಕಿನ ಗುಂಡಿನ ಮೇಲೆ ಭಾರ ಹಾಕುತ್ತದೆ. ಬೇರಿಂಗ್ ಅಂದರೆ ಇಷ್ಟೇ. ಹೊಸದನ್ನು ಮಾರುವವರು ಹೇಳುವುದೂ ಇಷ್ಟೇ: ಬುಷ್ಷು ಇನ್ನೂ ಬಿಗಿ, ಗುಂಡು ಸೆರಾಮಿಕ್ಕಿನದು, ಎಣ್ಣೆ ಸದಾ ತುಂಬಿರುತ್ತದೆ, ಆದ್ದರಿಂದ ಸ್ಪೀಕರಿನ ತಳದಲ್ಲಿ ಕೇಳುವ ‘ಗುರ್’ ಕಡಿಮೆಯಾಗುತ್ತದೆ. ಇದು ಬುರುಡೆ ಮಾತಲ್ಲ. ಸ್ಕಾಟ್ಲೆಂಡಿನ ಲಿನ್ ಕಂಪನಿ ತನ್ನ ಟರ್ನ್‌ಟೇಬಲ್ ಎಲ್‌ಪಿ-12ಕ್ಕೆ 1993ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಬೇರಿಂಗನ್ನೇ ಹೊಸದಾಗಿ ಮಾಡಿ ಮಾರಿತು. ಸೂಜಿ ಓದುವ ಗೀರು ಕೂದಲಿಗಿಂತ ಸಣ್ಣದಿರುವಾಗ ದಂಡ ಒಂದಿಷ್ಟು ಅಲುಗಾಡಿದರೂ ಅದು ಸಂಗೀತದೊಳಗೆ ಬೆರೆತುಬಿಡುತ್ತದೆ.

ಹಾಗಾದರೆ ನನ್ನದು ಅಲುಗಾಡುತ್ತದೆಯೆ? ತಟ್ಟೆಯ ಎರಡು ಅಂಚು ಹಿಡಿದು ಮೆಲ್ಲಗೆ ಮೇಲೆ-ಕೆಳಗೆ ಆಡಿಸಿದೆ. ಕಟಕಟ ಇಲ್ಲ. ರಬ್ಬರ್ ಚಕ್ರ ಸರಿಸಿ ಕೈಯಿಂದ ಒಮ್ಮೆ ತಿರುಗಿಸಿ ಬಿಟ್ಟರೆ ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು. ದಂಡ ಎತ್ತಿ ಹಳೆ ಎಣ್ಣೆಯನ್ನು ಬಿಳಿ ಬಟ್ಟೆಗೆ ಒರೆಸಿದೆ. ಕಪ್ಪಾಗಿತ್ತು, ಆದರೆ ಬಿಸಿಲಿಗೆ ಹಿಡಿದಾಗ ಲೋಹದ ಪುಡಿ ಮಿನುಗಲಿಲ್ಲ. ತಳದ ಬಿಲ್ಲೆಯಲ್ಲಿ ಗುಂಡು ಕೂತು ಕೂತು ಒಂದು ಸಣ್ಣ ಕುಳಿ ಬಿದ್ದಿತ್ತು, ಅಷ್ಟೆ. ಅದನ್ನೆಲ್ಲ ಡಬ್ಬಿಯಲ್ಲಿಟ್ಟುಕೊಂಡು ಲೇತ್ ಅಂಗಡಿಗೆ ಹೋದೆ. ಮಿಲ್ಲುಗಳ ಶಾಫ್ಟು ಕಡೆಯುವ ಮೇಸ್ತ್ರಿ ದಂಡವನ್ನು ಬುಷ್ಷಿಗೆ ಇಳಿಸಿ, ಕಣ್ಣು ಮುಚ್ಚಿ ಎರಡು ಸುತ್ತು ತಿರುಗಿಸಿ, ‘ನಿಮಿಷಕ್ಕ ಎಷ್ಟು ತಿರುಗ್ತದ್ರಿ ಸರ?’ ಎಂದ.

‘ಮೂವತ್ಮೂರು.’

‘ಮೂವತ್ಮೂರಾ! ಇದಕ್ಕೇನ್ ಆಗ್ತದ್ರಿ? ನಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಂಗಿಲ್ಲ. ಬಿಲ್ಲೆ ತಿರುವಿ ಹಾಕ್ರಿ, ಗುಂಡು ಹೊಸದು ಹಾಕ್ರಿ.’

ಗುಂಡಿಗೆ ಒಂದು ಚಹದ ಬೆಲೆಯೂ ಬೀಳಲಿಲ್ಲ. ನಿಜಕ್ಕೂ ಜೋರಾಗಿ ತಿರುಗುವುದು ಮೋಟಾರು, ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ. ಸವೆಯುವುದು, ಗುರುಗುಡುವುದು ಅದರ ಬುಷ್ಷು. ಒಣಗಿ ಗಟ್ಟಿಯಾಗುವುದು ರಬ್ಬರ್ ಚಕ್ರ. ಮಾರಾಟಗಾರರು ಹೊಳೆಯುವ ತಟ್ಟೆಯ ನಡುವನ್ನೇ ತೋರಿಸುತ್ತಾರೆ. ಮೋಟಾರಿಗೆ ನಾಲ್ಕು ಹನಿ ಎಣ್ಣೆ ಬಿಡಿ ಎಂದರೆ ಯಾರ ಹೊಟ್ಟೆ ತುಂಬೀತು?

ಇನ್ನು ಕೇಳುವ ಕೋಣೆಯ ವಿಚಾರ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಫ್ಯಾನು ಆರಿಸಿ ಯಮನ್ ರಾಗ ಕೇಳುವ ರಸಿಕ ಇನ್ನೂ ಹುಟ್ಟಿಲ್ಲ. ಫ್ಯಾನಿನ ಬೇರಿಂಗು ಮಾಡುವ ಸದ್ದಿನ ಕೆಳಗೆ ಲೆಂಕೊದ ಬೇರಿಂಗಿನ ಸದ್ದನ್ನು ಹುಡುಕುವುದು ಜಾತ್ರೆಯಲ್ಲಿ ಪಿಸುಮಾತು ಹುಡುಕಿದ ಹಾಗೆ. ಮೇಲೆ ಹತ್ತಿಯ ಎಳೆ, ಧೂಳು. ಒಂದು ಮಗ್ಗುಲು ಮುಗಿಯುವುದರೊಳಗೆ ಸೂಜಿಗೆ ಗಡ್ಡ ಬೆಳೆದಿರುತ್ತದೆ. ಕಿಟಕಿ ಪಕ್ಕ ಮರೆತಿಟ್ಟ ಎಲ್‌ಪಿ ಹಪ್ಪಳದಂತೆ ಡೊಂಕಾಗುತ್ತದೆ. ಡೊಂಕು ರೆಕಾರ್ಡಿನ ಮೇಲೆ ಸೆರಾಮಿಕ್ ಗುಂಡು ಏನು ಮಾಡೀತು?

ಆದರೆ ನನ್ನನ್ನು ವರ್ಷಗಟ್ಟಲೆ ಕಾಡಿದ್ದು ಗುರ್ ಸದ್ದಲ್ಲ, ಶ್ರುತಿ. ಲೆಂಕೊದ ಮೋಟಾರು ಕರೆಂಟಿನ ಆವರ್ತವನ್ನು ನಂಬಿ ತಿರುಗುವಂಥದು. ಸೆಕೆಂಡಿಗೆ 50 ಇರಬೇಕಾದದ್ದು ಇಳಿದರೆ ಹಾಡೂ ಇಳಿಯುತ್ತದೆ. 1990ರ ದಶಕದಲ್ಲಿ ದಕ್ಷಿಣದ ಗ್ರಿಡ್ಡು ಎಷ್ಟೋ ಸಲ 48.5ಕ್ಕೆ ಬಂದು ಏದುಸಿರು ಬಿಡುತ್ತಿತ್ತು. ಅಂದರೆ ನೂರಕ್ಕೆ ಮೂರರಷ್ಟು ಕಡಿಮೆ. ಕಪ್ಪು ಒಂದರಲ್ಲಿ ಹಾಡಿದ್ದು ಬಿಳಿ ಒಂದಕ್ಕೂ ಕಪ್ಪು ಒಂದಕ್ಕೂ ನಡುವೆ, ಹಾರ್ಮೋನಿಯಂನಲ್ಲಿ ಇಲ್ಲದ ಮನೆಯಲ್ಲಿ ಬಂದು ನಿಲ್ಲುತ್ತಿತ್ತು. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು 1985ರಿಂದ ಹೊಗೆ ಬಿಡುತ್ತಿದ್ದರೂ ನಮ್ಮ ಊರಿನ ಷಡ್ಜಕ್ಕೆ ನೆಲೆ ಇರಲಿಲ್ಲ. 2003ರಲ್ಲಿ ವಿದ್ಯುತ್ ಲೆಕ್ಕದ ಪದ್ಧತಿ ಬದಲಾದ ಮೇಲೆ ಸ್ವಲ್ಪ ಸುಧಾರಿಸಿತು. ಆಮೇಲೆ 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನು ಜೋಡಣೆಯಾಯಿತು, ದಕ್ಷಿಣದ ಗ್ರಿಡ್ಡು ದೇಶದ ಗ್ರಿಡ್ಡಿನೊಂದಿಗೆ ಒಂದೇ ತಾಳಕ್ಕೆ ಬಂತು. ಇಡೀ ದೇಶಕ್ಕೆ ಒಂದೇ ಆವರ್ತ ಸಿಕ್ಕಿದ್ದು ನಮ್ಮ ರಾಯಚೂರಿನ ಗಂಟಿನಿಂದ! ನನ್ನ ಟರ್ನ್‌ಟೇಬಲ್ಲಿಗೆ ಇದಕ್ಕಿಂತ ದೊಡ್ಡ ದುರಸ್ತಿಯನ್ನು ಯಾವ ಕಂಪನಿಯೂ ಮಾಡಿಲ್ಲ, ನಾನು ಬಿಲ್ಲನ್ನೂ ಕೊಟ್ಟಿಲ್ಲ.

ಮಾನ್ವಿಯ ಗೆಳೆಯನಿಗೆ ಇದನ್ನೆಲ್ಲ ಹೇಳಿದರೆ, ‘ನೀ ಜಿಪುಣ, ಅದಕ್ಕ ಇಷ್ಟು ವೇದಾಂತ’ ಎಂದ. ಇರಬಹುದು. ಬುಷ್ಷು ತಿಂದಿದ್ದರೆ, ಕೋಣೆ ತಣ್ಣಗಿದ್ದರೆ, ರೆಕಾರ್ಡುಗಳು ಹೊಚ್ಚ ಹೊಸವಾಗಿದ್ದರೆ ನಾನೂ ದುಡ್ಡು ಬಿಚ್ಚುತ್ತಿದ್ದೆನೇನೋ. ನನ್ನಲ್ಲಿರುವುದು ಹಳೆಯ ಎಚ್‌ಎಂವಿ ಮಾಲು, ಅರ್ಧಕ್ಕರ್ಧ ಅರಗಿನವು, ನಿಮಿಷಕ್ಕೆ 78 ಸುತ್ತಿನವು. ಮಲ್ಲಿಕಾರ್ಜುನ ಮನ್ಸೂರರು ಯೌವನದಲ್ಲಿ ಮೂರು ಚಿಲ್ಲರೆ ನಿಮಿಷದೊಳಗೆ ಹಿಡಿಸಿದ ಗೌಡ ಮಲ್ಹಾರ ಕೇಳುವಾಗ ಮೊದಲು ಬರುವುದೇ ಅರಗಿನ ಸರಸರ, ಅದರ ಹಿಂದಿನಿಂದ ಅವರ ದನಿ. ಆ ಸರಸರಕ್ಕೆ ಬೇರಿಂಗಿನಲ್ಲಿ ಮದ್ದಿಲ್ಲ, ಸೂಜಿಯಲ್ಲಿದೆ. 78ರ ಗೀರು ಅಗಲ. ಎಲ್‌ಪಿಯ ಸಣ್ಣ ಸೂಜಿ ಅದರ ತಳಕ್ಕೆ ಬಿದ್ದು ಕಸ ಕೆದರುತ್ತದೆ, ದಪ್ಪ ಸೂಜಿ ಗೋಡೆ ಹಿಡಿದು ಹಾಡನ್ನು ಓದುತ್ತದೆ.

ಹಾಗಾಗಿ ದಪ್ಪ ಸೂಜಿಗೂ ಹೊಸ ರಬ್ಬರ್ ಚಕ್ರಕ್ಕೂ ಆರ್ಡರ್ ಹಾಕಿದ್ದೇನೆ. ಉಳಿದ ದುಡ್ಡಿನ ಮೇಲೆ ದೇವದುರ್ಗದ ಒಂದು ವಾಡೆಯ ಅಟ್ಟದಲ್ಲಿರುವ ರೆಕಾರ್ಡ್ ಪೆಟ್ಟಿಗೆ ಕಣ್ಣಿಟ್ಟಿದೆ. ಭೀಮಸೇನ ಜೋಶಿಯವರು ಎಚ್‌ಎಂವಿಗೆ ಹಾಡಿದ ಮೊದಲ ಭಕ್ತಿಗೀತೆಗಳೂ ಅದರಲ್ಲಿವೆ ಎಂದು ಮನೆಯವರು ಹೇಳುತ್ತಾರೆ. ರೇಟು ಇನ್ನೂ ಕುದುರಿಲ್ಲ.